ಅಡುಗೆಯವನ ಬೆರಳು, ಆಕಾಶದ ಊಟ

1975ರ ಫೆಬ್ರವರಿ 3. ಟೋಕಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್‌ನ ಜಂಬೋ ವಿಮಾನ. ಒಳಗೆ 344 ಪ್ರಯಾಣಿಕರು. ದಾರಿಯಲ್ಲಿ ಅಲಾಸ್ಕಾದ ಆ್ಯಂಕರೇಜ್‌ನಲ್ಲಿ ಇಳಿದು, ಊಟ ತಿಂಡಿ ಹತ್ತಿಸಿಕೊಂಡು ಮತ್ತೆ ಹಾರಿತು. ಕೋಪನ್‌ಹೇಗನ್ ಹತ್ತಿರ ಬರ್ತಿದ್ದ ಹಾಗೆ ಬೆಳಗಿನ ತಿಂಡಿ ಕೊಟ್ಟರು. ಆಮ್ಲೆಟ್, ಜೊತೆಗೆ ಹ್ಯಾಮ್. ಸ್ವಲ್ಪ ಹೊತ್ತಿಗೆ ಒಬ್ಬರಿಗೆ ಹೊಟ್ಟೆ ನುಲಿಯೋಕೆ ಶುರುವಾಯ್ತು, ಪಕ್ಕದವರಿಗೆ ವಾಂತಿ, ಹಿಂದಿನ ಸಾಲಿನವರಿಗೆ ಭೇದಿ. ನೋಡ್ತಾ ನೋಡ್ತಾ 196 ಪ್ರಯಾಣಿಕರು, ಒಬ್ಬ ಗಗನಸಖಿ ಹಾಸಿಗೆ ಹಿಡಿದರು. 143 ಜನ ಆಸ್ಪತ್ರೆ ಸೇರಿದರು.

ಕಾರಣ ಹುಡುಕಿದಾಗ ಸಿಕ್ಕಿದ್ದೇನು ಗೊತ್ತಾ? ಬಾಂಬ್ ಅಲ್ಲ, ವಿಷ ಅಲ್ಲ. ಆ್ಯಂಕರೇಜ್‌ನ ಅಡುಗೆಮನೆಯಲ್ಲಿ ಹ್ಯಾಮ್ ಜೋಡಿಸಿದ ಒಬ್ಬ ಅಡುಗೆಯವನ ಕೈಬೆರಳಲ್ಲಿ ಕೀವು ತುಂಬಿದ ಗಾಯ. ಅದರಲ್ಲಿ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ. ತಿಂಡಿ ಗಂಟೆಗಟ್ಟಲೆ ಕೋಣೆಯ ಬೆಚ್ಚಗಿನ ಗಾಳಿಯಲ್ಲೇ ಕೂತಿತ್ತು. ಆಮೇಲೆ ಇಟ್ಟಿದ್ದು 10 ಡಿಗ್ರಿಯಲ್ಲಿ, ಅದೂ ಸಾಕಷ್ಟು ತಂಪಲ್ಲ. ವಿಮಾನದಲ್ಲಿ ಬಿಸಿ ಮಾಡಿ ಕೊಟ್ಟರು ನಿಜ. ಆದರೆ ಈ ಬ್ಯಾಕ್ಟೀರಿಯಾ ಸತ್ತರೂ ಅದು ಉಗುಳಿ ಹೋದ ವಿಷ ಸಾಯೋದಿಲ್ಲ. ‘ಬಿಸಿ ಮಾಡಿದ್ರೆ ಆಯ್ತು ಬಿಡಿ’ ಅಂತ ನಮ್ಮ ಮನೆಗಳಲ್ಲೂ ಹೇಳ್ತೀವಲ್ಲ, ಆ ಮಾತು ಇಲ್ಲಿ ನಡೆಯಲ್ಲ. ಅಡುಗೆಮನೆಯ ವ್ಯವಸ್ಥಾಪಕ ಅವಮಾನ ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡರು. ಅದೃಷ್ಟಕ್ಕೆ ಪೈಲಟ್‌ಗಳು ಆ ಆಮ್ಲೆಟ್ ತಿಂದಿರಲಿಲ್ಲ. ತಿಂದಿದ್ದರೆ? ಒಂದು ಕ್ಷಣ ಯೋಚನೆ ಮಾಡಿ. ಕ್ಯಾಪ್ಟನ್ ಒಂದು ಊಟ ತಿಂದರೆ ಸಹಪೈಲಟ್ ಬೇರೆ ಊಟ ತಿನ್ನಬೇಕು ಅನ್ನೋ ಪದ್ಧತಿ ಅನೇಕ ವಿಮಾನ ಸಂಸ್ಥೆಗಳಲ್ಲಿ ಇರೋದು ಸುಮ್ಮನೆ ಅಲ್ಲ.

ಇದನ್ನು ಈಗ ಯಾಕೆ ಹೇಳ್ತಿದ್ದೀನಿ? ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರದ ಹಳ್ಳಿಗಳಿಂದ ಇವತ್ತು ಅಪ್ಪ ಅಮ್ಮಂದಿರು ವಿಮಾನ ಹತ್ತುತ್ತಿದ್ದಾರೆ. ಮಗ ಅಮೆರಿಕದಲ್ಲಿ, ಮಗಳು ದುಬೈನಲ್ಲಿ. ಬೆಳ್ಳೂರು ಕ್ರಾಸ್‌ನಲ್ಲಿ ಬಸ್ ಹತ್ತಿದವರು ಮಾರನೇ ದಿನ ಅಟ್ಲಾಂಟಿಕ್ ಸಮುದ್ರದ ಮೇಲೆ ಟ್ರೇ ಬಿಚ್ಚುತ್ತಿರುತ್ತಾರೆ. ಅವರು ಉಸಿರಾಡೋ ಗಾಳಿ, ಕುಡಿಯೋ ನೀರು, ತಿನ್ನೋ ಅನ್ನ ಯಾರ ಕೈಯಲ್ಲಿದೆ? ವಿಮಾನ ಅನ್ನೋದು ಒಂದು ಮುಚ್ಚಿದ ಡಬ್ಬಿ. ಅದು ಏನನ್ನೂ ಶುದ್ಧ ಮಾಡಿಕೊಳ್ಳೋದು ಕಡಿಮೆ. ನೆಲದ ಮೇಲೆ ಏನು ತುಂಬಿದೆವೋ ಅದನ್ನೇ ಮೇಲಕ್ಕೆ ಹೊತ್ತೊಯ್ಯುತ್ತೆ. ಇದು ನೂರು ವರ್ಷದ ವಿಮಾನಯಾನದ ಇತಿಹಾಸ ಮತ್ತೆ ಮತ್ತೆ ತೋರಿಸಿದ್ದು.

ನಮ್ಮ ದೇಶದಲ್ಲಿ ಶುರುವಾದಾಗ ಈ ತಲೆನೋವೇ ಇರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಬಾಂಬೆಗೆ ಪುಟ್ಟ ಪುಸ್ ಮಾತ್ ವಿಮಾನ ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋದರು. ಒಳಗಿದ್ದದ್ದು ಟಪಾಲು ಚೀಲ. ಕಾಗದಕ್ಕೆ ಹಸಿವಿಲ್ಲ, ಬಾಯಾರಿಕೆ ಇಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಬಾಂಬೆಯಿಂದ ಕೈರೋ, ಜಿನೀವಾ ಮೇಲೆ ಲಂಡನ್‌ಗೆ ಹಾರಿದಾಗ ಕಥೆ ಬದಲಾಯ್ತು. ಜೆ.ಆರ್.ಡಿ. ತಮ್ಮ ವಿಮಾನದಲ್ಲಿ ತಾವೇ ಪ್ರಯಾಣ ಮಾಡಿ, ಟೀ ಬಣ್ಣ ಕಾಫಿ ಥರ ಇದೆ, ಶೌಚಾಲಯ ಸರಿ ಇಲ್ಲ ಅಂತ ಟಿಪ್ಪಣಿ ಬರೆದು ಅಧಿಕಾರಿಗಳಿಗೆ ಕಳಿಸುತ್ತಿದ್ದರು. ಕಂಪನಿಯ ಯಜಮಾನ ಟಾಯ್ಲೆಟ್ ಬಾಗಿಲು ತೆಗೆದು ನೋಡ್ತಾನೆ ಅನ್ನೋ ಭಯ ಇತ್ತಲ್ಲ, ನನ್ನ ಪ್ರಕಾರ ಅದು ಹತ್ತು ಸುತ್ತೋಲೆಗೆ ಸಮ.

ಆದರೆ ಸರ್ಕಾರಗಳು ಮೊದಲು ಹೆದರಿದ್ದು ಊಟಕ್ಕಲ್ಲ. ಸೊಳ್ಳೆಗೆ! ಹಳದಿ ಜ್ವರ ಅಂತ ಒಂದು ಕಾಯಿಲೆ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ್ದು. ಹಡಗಿನಲ್ಲಿ ತಿಂಗಳುಗಟ್ಟಲೆ ಬರುವಾಗ ರೋಗಿ ದಾರಿಯಲ್ಲೇ ಸಾಯುತ್ತಿದ್ದ ಅಥವಾ ಗುಣವಾಗುತ್ತಿದ್ದ. ವಿಮಾನ ಬಂದ ಮೇಲೆ ಸೋಂಕು ತಗುಲಿದವನು ಜ್ವರ ಏರುವ ಮೊದಲೇ ಇನ್ನೊಂದು ಖಂಡದಲ್ಲಿ ಇಳಿಯಬಹುದು. ಅದನ್ನು ಹರಡೋ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ. ಅದೇ ಸೊಳ್ಳೆ ನಮಗೆ ಡೆಂಗ್ಯೂ ಕೊಡ್ತಿರೋದು. ಸೊಳ್ಳೆ ಇದೆ, ವೈರಸ್ ಮಾತ್ರ ಇಲ್ಲ. ಅದು ಒಂದು ಸಲ ಇಳಿದರೆ? ಈ ಭಯದಲ್ಲೇ 1933ರ ಏಪ್ರಿಲ್‌ನಲ್ಲಿ ಹೇಗ್ ನಗರದಲ್ಲಿ ವಿಮಾನಯಾನಕ್ಕೆಂದೇ ಒಂದು ಅಂತರರಾಷ್ಟ್ರೀಯ ನೈರ್ಮಲ್ಯ ಒಪ್ಪಂದ ಆಯ್ತು. ಸ್ವತಂತ್ರ ಭಾರತ 1954ರಲ್ಲಿ ವಿಮಾನಗಳ ಸಾರ್ವಜನಿಕ ಆರೋಗ್ಯ ನಿಯಮಗಳನ್ನು ಮಾಡಿತು. ಇವತ್ತಿಗೂ ಹಳದಿ ಜ್ವರದ ದೇಶದಿಂದ ಲಸಿಕೆ ಪತ್ರ ಇಲ್ಲದೆ ಬಂದರೆ 6 ದಿನದವರೆಗೆ ಪ್ರತ್ಯೇಕ ವಾಸ. ಯಾವ ಶಿಫಾರಸೂ ನಡೆಯಲ್ಲ, ನಡೆಯಲೂಬಾರದು.

ಸೊಳ್ಳೆಯ ತಾಕತ್ತು ಗೊತ್ತಾಗಬೇಕಾದರೆ ಬೇರೆಲ್ಲೂ ಹೋಗಬೇಕಾಗಿಲ್ಲ, ಶ್ರೀರಂಗಪಟ್ಟಣಕ್ಕೆ ಬನ್ನಿ. 1799ರಲ್ಲಿ ಟಿಪ್ಪುವಿನ ಕೋಟೆ ಗೆದ್ದ ಬ್ರಿಟಿಷ್ ಸೈನ್ಯ ಆ ಕೋಟೆಯಲ್ಲಿ ಬಾಳೋಕಾಗಲಿಲ್ಲ. ಜ್ವರ, ಮಲೇರಿಯಾ. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಎದ್ದು ಹೋಯಿತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದೇ ಹಾಗೆ. ಹಾಗೇನೇ ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡೋದೂ ನಮ್ಮ ಕಡೆಗೆ ಹೊಸದಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ರೈಲಿಳಿದವರನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ಹಳ್ಳಿಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನಮ್ಮನ ಗುಡಿಗಳು ಎದ್ದವು. ಸರಿಯಾಗಿ ಸುಮಾರು ನೂರು ವರ್ಷದ ಮೇಲೆ, 1994ರಲ್ಲಿ, ಸೂರತ್‌ನ ಪ್ಲೇಗ್ ಸುದ್ದಿ ಹಬ್ಬಿದಾಗ ಎಷ್ಟೋ ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿಬಿಟ್ಟವು. ಕೆಲವು ಕಡೆ ನಮ್ಮವರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದರು. ರೈಲು ಹೋಗಿ ವಿಮಾನ ಬಂದಿತ್ತು, ಭಯ ಮಾತ್ರ ಅದೇ.

ಮತ್ತೆ ಊಟಕ್ಕೆ ಬರ್ತೀನಿ, ಯಾಕಂದ್ರೆ ವಿಮಾನದಲ್ಲಿ ಹೆಚ್ಚು ಜನರನ್ನು ಒಂದೇ ಏಟಿಗೆ ಮಲಗಿಸಿದ್ದು ಅದು. 1972ರಲ್ಲಿ ಲಂಡನ್‌ನಿಂದ ಆಸ್ಟ್ರೇಲಿಯಾಕ್ಕೆ ಹೋಗ್ತಿದ್ದ ವಿಮಾನ ಬಹ್ರೇನ್‌ನಲ್ಲಿ ತಣ್ಣನೆ ತಿನಿಸು ಹತ್ತಿಸಿಕೊಂಡಿತು, ಒಳಗೆ ಕಾಲರಾ ಹತ್ತಿತು, ಒಬ್ಬರು ಸತ್ತರು. 1992ರ ಫೆಬ್ರವರಿಯಲ್ಲಿ ಅರ್ಜೆಂಟೀನಾದಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಪೆರು ದೇಶದ ಲಿಮಾದಲ್ಲಿ ಸಮುದ್ರ ಮೀನಿನ ಸಲಾಡ್ ತುಂಬಿಕೊಂಡಿತು. 75 ಜನಕ್ಕೆ ಕಾಲರಾ, ಒಂದು ಸಾವು. ಗಮನಿಸಿ, ಎರಡು ಕಡೆಯೂ ತಣ್ಣನೆಯ ಊಟ. ಎರಡು ಕಡೆಯೂ ತಪ್ಪಾಗಿದ್ದು ಆಕಾಶದಲ್ಲಲ್ಲ, ನೆಲದಲ್ಲಿ.

ಇದಕ್ಕೆ ಮದ್ದು ಸಿಕ್ಕಿದ್ದು ಬಾಹ್ಯಾಕಾಶದವರಿಂದ. ಗಗನಯಾತ್ರಿಗೆ ಅಲ್ಲಿ ಮೇಲೆ ಭೇದಿ ಶುರುವಾದರೆ ಗತಿಯೇನು? ಹಾಗಾಗಿ ಅಮೆರಿಕದ ನಾಸಾ ಮತ್ತು ಪಿಲ್ಸ್‌ಬರಿ ಕಂಪನಿ 1960ರ ದಶಕದಲ್ಲಿ ಒಂದು ವಿಧಾನ ಕಂಡುಹಿಡಿದವು. ಅಡುಗೆ ಆದ ಮೇಲೆ ಒಂದು ತುತ್ತು ಪರೀಕ್ಷೆ ಮಾಡೋದಲ್ಲ. ತರಕಾರಿ ಬಂದಲ್ಲಿಂದ ತಟ್ಟೆಗೆ ಬೀಳೋವರೆಗೆ ಎಲ್ಲೆಲ್ಲಿ ಕೆಡಬಹುದೋ ಅಲ್ಲಲ್ಲಿ ಕಾವಲು. ಇದನ್ನೇ ‘ಹ್ಯಾಸಪ್’ ಅಂತಾರೆ. ಇವತ್ತು ವಿಮಾನದ ಅಡುಗೆಮನೆಗಳು ನಡೆಯೋದು ಇದರ ಮೇಲೇ. ಬೇಯಿಸಿದ ಅನ್ನವನ್ನು ದೊಡ್ಡ ಬ್ಲಾಸ್ಟ್ ಚಿಲ್ಲರ್‌ಗೆ ತಳ್ಳಿ ಬೇಗ 5 ಡಿಗ್ರಿಗಿಂತ ಕೆಳಕ್ಕೆ ಇಳಿಸ್ತಾರೆ, ಆ ತಂಪಿನಲ್ಲೇ ಟ್ರೇಗೆ ಹಾಕ್ತಾರೆ, ತಂಪು ಲಾರಿಯಲ್ಲಿ ವಿಮಾನಕ್ಕೆ ಸಾಗಿಸ್ತಾರೆ, ಮೇಲೆ ಹೋದ ಮೇಲೆ ಒವನ್‌ನಲ್ಲಿ ಕಾಯಿಸ್ತಾರೆ. ಈ ತಂಪಿನ ಸರಪಳಿ ಎಲ್ಲಿ ಕಡಿದರೂ ಆ್ಯಂಕರೇಜ್ ಕಥೆ ಮರುಕಳಿಸುತ್ತೆ. ನಮ್ಮವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಇರೋ ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, 1961ರಿಂದ ಸೈನ್ಯದ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್ ಇದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತದ ತಿಂಡಿ ತಯಾರಾಗಿದ್ದು ಆ ಪ್ರಯೋಗಾಲಯದಲ್ಲೇ.

ಅದಕ್ಕೂ ಮೊದಲೇ ನಮ್ಮಲ್ಲಿ ಇನ್ನೊಂದು ಪ್ರಯೋಗಾಲಯ ಇತ್ತು. ಮೇಲುಕೋಟೆ! ನಗಬೇಡಿ. ಚೆಲುವನಾರಾಯಣನ ದರ್ಶನ ಮುಗಿಸಿದವರು ಪೊಟ್ಟಣ ಕಟ್ಟಿಸಿಕೊಂಡು ಬರೋ ಪುಳಿಯೋಗರೆ ಯಾಕೆ ಬೇರೆ ಅನ್ನದಷ್ಟು ಬೇಗ ಕೆಡಲ್ಲ? ಸಾದಾ ಅನ್ನ ಹೊರಗಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ. ಪುಳಿಯೋಗರೆಯಲ್ಲಿ ಹುಣಸೆಯ ಹುಳಿ ಅದಕ್ಕೆ ಬೇಲಿ ಹಾಕುತ್ತೆ. ಗೊಜ್ಜನ್ನು ಎಣ್ಣೆ ಬಿಡುವ ತನಕ ಕುದಿಸಿ ನೀರಿನಂಶ ತೆಗೆದಿರ್ತಾರೆ. ಉಪ್ಪು, ಅರಿಶಿನ ಜೊತೆಗೆ. ಇನ್ನೊಂದು ಸ್ವಾರಸ್ಯ ಕೇಳಿ. ವಿಮಾನದ ಊಟ ಸಪ್ಪೆ ಅಂತ ಎಲ್ಲರೂ ಬೈತಾರೆ. ಒಳಗಿನ ಒತ್ತಡ 6 ಸಾವಿರದಿಂದ 8 ಸಾವಿರ ಅಡಿ ಎತ್ತರದಲ್ಲಿ ಇದ್ದ ಹಾಗೆ. ಅಂದರೆ ನೀವು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕಿಂತ ಮೇಲೋ ಕೂತು ಊಟ ಮಾಡ್ತಿದ್ದೀರಿ, ಅದೂ ಒಣಗಿದ ಗಾಳಿಯಲ್ಲಿ. ಜರ್ಮನಿಯಲ್ಲಿ ಪರೀಕ್ಷೆ ಮಾಡಿ ನೋಡಿದರು. ಅಲ್ಲಿ ಉಪ್ಪು, ಸಿಹಿಯ ರುಚಿ ಇಳಿಯುತ್ತೆ, ಹುಳಿ ಮತ್ತು ಖಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ಹುಳಿ, ಖಾರ. ಅಂದ್ರೆ ಆಕಾಶಕ್ಕೆ ಹೇಳಿ ಮಾಡಿಸಿದ ಅನ್ನ ಯಾವುದು ಅಂತ ನಾನು ಹೇಳಬೇಕಾ?

ಇನ್ನು, ಇದೇ ಮೇಲುಕೋಟೆಯಲ್ಲಿ 1951ರಲ್ಲಿ ಹುಟ್ಟಿದವರು ಒಬ್ಬರು ಭಾರತದ ವಿಮಾನದಿಂದ ಪುಕ್ಕಟೆ ಊಟವನ್ನೇ ಇಳಿಸಿಬಿಟ್ಟರು. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಬೆಳೆದದ್ದು ಹಾಸನ ಜಿಲ್ಲೆಯ ಗೊರೂರು, ಸೈನ್ಯದಿಂದ ಬಂದು ಬೇಸಾಯ ಮಾಡಿದರು, ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಗುರುತಿಗೆ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್. ಟಿಕೆಟ್ ಅಗ್ಗ, ಆದರೆ ತಿಂಡಿ ಬೇಕಾದರೆ ದುಡ್ಡು ಕೊಟ್ಟು ತಗೊಳ್ಳಿ. ‘ನೀರಿಗೂ ಕಾಸಾ?’ ಅಂತ ಗೊಣಗಿದವರು ಎಷ್ಟೋ ಮಂದಿ. ನಾನು ಇದನ್ನು ಬೇರೆ ಥರ ನೋಡ್ತೀನಿ. ಬಿಸಿ ಊಟದ ಟ್ರೇ ಇಲ್ಲದ ಕಡೆ ಅದು ಕೆಡೋ ಅವಕಾಶವೂ ಕಮ್ಮಿ. ಮೊಹರು ಹಾಕಿದ ಬಾಟಲಿ, ಕಟ್ಟಿದ ಪೊಟ್ಟಣ ಟ್ಯಾಂಕಿನ ನೀರಿಗಿಂತ ನಂಬಿಕಸ್ತ. ಆದರೆ ಅಗ್ಗದ ಟಿಕೆಟ್ಟಿಗೆ ಇನ್ನೊಂದು ಬೆಲೆ ಇದೆ. ಈ ಮಾದರಿಯಲ್ಲಿ ವಿಮಾನ ನೆಲದ ಮೇಲೆ ಅರ್ಧ ಗಂಟೆ ನಿಂತರೆ ನಷ್ಟ. ಇಳಿಯೋರು ಇಳೀತಿರ್ತಾರೆ, ಗಗನಸಖಿಯರು ಚೀಲ ಹಿಡಿದು ಕಸ ಆರಿಸ್ತಿರ್ತಾರೆ, ಹತ್ತೋರು ಬಾಗಿಲಲ್ಲಿ ನಿಂತಿರ್ತಾರೆ. ಅಷ್ಟು ಹೊತ್ತಲ್ಲಿ ಮುಂದಿನ ಟ್ರೇ ಮೇಜನ್ನು ಯಾರು ಒರೆಸಬೇಕು? ಯಾವಾಗ ಒರೆಸಬೇಕು? ಸಾಮಾನ್ಯ ಮನುಷ್ಯನನ್ನು ಗೋಪಿನಾಥ್ ಆಕಾಶಕ್ಕೆ ಕರೆದೊಯ್ದರು, ಅದಕ್ಕೆ ನನ್ನ ಸಲಾಂ. ಆ ಮೇಜು ಒರೆಸೋದಕ್ಕೆ ಸಮಯ ಕೊಡೋದು ಮಾತ್ರ ಆ ಮೇಲೆ ಬಂದ ಯಾವ ಅಗ್ಗದ ಸಂಸ್ಥೆಗೂ ಸುಲಭ ಆಗಿಲ್ಲ.

ನೀರಿನ ಮಾತು ಬಂತಲ್ಲ. ವಿಮಾನದ ನೀರು ಬರೋದು ನಿಲ್ದಾಣದ ಕೊಳಾಯಿಯಿಂದ ಒಂದು ಟ್ಯಾಂಕರಿಗೆ, ಟ್ಯಾಂಕರಿಂದ ಪೈಪಿಗೆ, ಪೈಪಿಂದ ವಿಮಾನದ ಹೊಟ್ಟೆಯೊಳಗಿನ ಟ್ಯಾಂಕಿಗೆ. ಪೈಪಿನ ಬಾಯಿ ನೆಲಕ್ಕೆ ಬಿದ್ದರೆ ಮುಗೀತು. 2004ರಲ್ಲಿ ಅಮೆರಿಕದ ಪರಿಸರ ಸಂಸ್ಥೆ 327 ವಿಮಾನಗಳ ನೀರು ಪರೀಕ್ಷೆ ಮಾಡಿತು. ಸುಮಾರು 15 ಶೇಕಡದಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕಿತು. ಅಮೆರಿಕದಲ್ಲೇ! 2009ರಲ್ಲಿ ಅದಕ್ಕೆ ಪ್ರತ್ಯೇಕ ನಿಯಮ ಬಂತು, ಟ್ಯಾಂಕು ಇಷ್ಟು ಸಲ ತೊಳೀಬೇಕು, ಇಷ್ಟು ಸಲ ಪರೀಕ್ಷೆ ಮಾಡಬೇಕು ಅಂತ. ನಾಗಮಂಗಲದವರಿಗೆ ಈ ಪಾಠ ಹೊಸದಾಗಿ ಹೇಳಬೇಕಾಗಿಲ್ಲ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ನುಂಗಿದ ತಾಲ್ಲೂಕು ಅದು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ. ಊರಿಗೊಂದು ಶುದ್ಧ ನೀರಿನ ಘಟಕ ಕೂರಿಸಿದರೆ ಸಾಲದು, ಅದರ ಫಿಲ್ಟರ್ ಕಾಲಕಾಲಕ್ಕೆ ಬದಲಾಯಿಸೋರು ಬೇಕು ಅಂತ ಅಲ್ಲಿಯ ಹೆಣ್ಣುಮಕ್ಕಳಿಗೆ ಗೊತ್ತು. ವಿಮಾನದ ಟ್ಯಾಂಕಿನ ಕಥೆಯೂ ಅಷ್ಟೇ. ವಿಮಾನದಲ್ಲಿ ಬಾಟಲಿ ನೀರು ಕೇಳಿ ಕುಡೀರಿ, ಟಾಯ್ಲೆಟ್ಟಿನ ನಲ್ಲಿ ನೀರಲ್ಲಿ ಮಾತ್ರೆ ನುಂಗಬೇಡಿ.

ಟಾಯ್ಲೆಟ್ ವಿಚಾರ ಎರಡೇ ಮಾತಲ್ಲಿ ಮುಗಿಸ್ತೀನಿ. ಅಲ್ಲಿಯದ್ದು ಕೆಳಗೆ ಉದುರಲ್ಲ, ಟ್ಯಾಂಕಿನಲ್ಲಿ ಸೇರುತ್ತೆ. ಸೋರಿದರೆ ಮಾತ್ರ ಹೊರಗೆ ಹೆಪ್ಪುಗಟ್ಟಿ ನೀಲಿ ಗಡ್ಡೆಯಾಗಿ ಬೀಳಬಹುದು. ದೆಹಲಿ ನಿಲ್ದಾಣದ ಸುತ್ತಲಿನವರ ದೂರಿನ ಮೇಲೆ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಗೆ ಬೀಳಿಸಿದ ಸಂಸ್ಥೆಗೆ 50 ಸಾವಿರ ರೂಪಾಯಿ ದಂಡ ಅಂತ ಆದೇಶ ಕೊಟ್ಟಿತು. ಆ ಟ್ಯಾಂಕನ್ನು ಕೆಳಗೆ ಪೈಪು ಹಿಡಿದು ಖಾಲಿ ಮಾಡೋ ಹುಡುಗನ ಬಗ್ಗೆ ಮಾತಾಡಿದವರು ಕಡಿಮೆ.

ಉಳಿದದ್ದು ಗಾಳಿ. 1977ರಲ್ಲಿ, ಮತ್ತೆ ಅದೇ ಅಲಾಸ್ಕಾದಲ್ಲಿ, 54 ಜನರಿದ್ದ ವಿಮಾನ ಎಂಜಿನ್ ಕೆಟ್ಟು ನೆಲದ ಮೇಲೆ ಗಂಟೆಗಟ್ಟಲೆ ನಿಂತಿತು. ಗಾಳಿ ಆಡಿಸೋ ಯಂತ್ರ ನಡೀತಿರಲಿಲ್ಲ. ಒಳಗೆ ಒಬ್ಬರಿಗೆ ಫ್ಲೂ ಜ್ವರ. ಮೂರು ದಿನದೊಳಗೆ ಪ್ರಯಾಣಿಕರಲ್ಲಿ 72 ಶೇಕಡ ಮಂದಿ ಮಲಗಿದರು. ಆಗ ಗೊತ್ತಾಯ್ತು, ಹಾರೋ ವಿಮಾನಕ್ಕಿಂತ ಯಂತ್ರ ಆರಿಸಿ ನಿಂತ ವಿಮಾನವೇ ಅಪಾಯ. ಹಾರುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದು, ಅರ್ಧದಷ್ಟನ್ನು ಹೆಪಾ ಫಿಲ್ಟರ್‌ನಲ್ಲಿ ಸೋಸಿ ಮತ್ತೆ ಬಿಡ್ತಾರೆ. ಗಂಟೆಗೆ 20ರಿಂದ 30 ಸಲ ಇಡೀ ಗಾಳಿ ಬದಲಾಗುತ್ತೆ. ಇದೇ ಗಾಳಿಯಲ್ಲಿ ಒಂದು ಕಾಲಕ್ಕೆ ಸಿಗರೇಟು ಸೇದೋರು, ಸೇದದೇ ಇರೋರು ಅಂತ ಸಾಲು ಬೇರೆ ಮಾಡಿ ಕೂರಿಸ್ತಿದ್ರು, ಹೊಗೆಗೆ ಸಾಲಿನ ಲೆಕ್ಕ ಗೊತ್ತಿದ್ದ ಹಾಗೆ! 1992ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1996ರ ಜುಲೈ ಒಳಗೆ ಧೂಮಪಾನ ನಿಲ್ಲಿಸಿ ಅಂತ ದೇಶಗಳಿಗೆ ಹೇಳಿದ ಮೇಲೆ ಅದು ಹೋಯ್ತು.

ಹಾಗಂತ ಫಿಲ್ಟರ್ ಇದೆ ಅಂತ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ. ಏರ್ ಡೆಕ್ಕನ್ ಶುರುವಾದ ಅದೇ 2003ರ ಮಾರ್ಚ್ 15ರಂದು ಹಾಂಕಾಂಗ್‌ನಿಂದ ಬೀಜಿಂಗ್‌ಗೆ ಹೋದ ವಿಮಾನದಲ್ಲಿ ಒಬ್ಬ ಸಾರ್ಸ್ ರೋಗಿ ಇದ್ದ. ಜೊತೆಯಲ್ಲಿದ್ದ 119 ಜನರಲ್ಲಿ 22 ಜನಕ್ಕೆ ಕಾಯಿಲೆ ಬಂತು. ಫಿಲ್ಟರಿಗೆ ಗಾಳಿ ತಲುಪೋ ಮೊದಲೇ ಪಕ್ಕದವರ ಮೂಗಿಗೆ ತಲುಪಬಹುದಲ್ಲ! 2020ರಲ್ಲಿ ಕೊರೊನಾ ಬಂದಾಗ ನಮ್ಮ ರಾಜ್ಯದ ಮೊದಲ ರೋಗಿ ಅಮೆರಿಕದಿಂದ ವಿಮಾನದಲ್ಲಿ ಬಂದವರು. ಆದರೆ ಮಂಡ್ಯದಲ್ಲಿ ಏನಾಯ್ತು? ಆ ವರ್ಷದ ಮೇ ತಿಂಗಳಲ್ಲಿ ಕೆ.ಆರ್.ಪೇಟೆ, ನಾಗಮಂಗಲದಲ್ಲಿ ಸಂಖ್ಯೆ ಏರಿದ್ದು ಮುಂಬೈನಿಂದ ಮರಳಿದವರಿಂದ. ಹೊಟ್ಟೆಪಾಡಿಗೆ ಹೋಗಿದ್ದವರು, ಕೆಲಸ ಹೋಗಿ ಊರು ನೆನೆದು ಬಂದವರು. ಅವರು ಬಂದದ್ದು ವಿಮಾನದಲ್ಲಲ್ಲ, ಬಾಡಿಗೆ ವಾಹನಗಳಲ್ಲಿ ಒತ್ತೊತ್ತಾಗಿ ಕೂತು. ಅಲ್ಲಿ ಹೆಪಾ ಎಲ್ಲಿತ್ತು? ಆಗ ನಮ್ಮ ಚಾನೆಲ್‌ಗಳೂ ಸೇರಿದಂತೆ ಎಲ್ಲರೂ ‘ಮುಂಬೈ ನಂಜು’ ಅಂತ ಅವರನ್ನೇ ನಂಜು ಮಾಡಿಬಿಟ್ಟರು. ಬಡವನ ಪ್ರಯಾಣಕ್ಕೆ ಸೋಸಿದ ಗಾಳಿ ಇಲ್ಲ, ಬೈಗುಳ ಮಾತ್ರ ಇದೆ.

ಮೇ 25ಕ್ಕೆ ದೇಶದೊಳಗಿನ ವಿಮಾನಗಳು ಮತ್ತೆ ಹಾರಿದಾಗ ಊಟ ಪೂರ್ತಿ ಬಂದ್. ಆಗಸ್ಟ್ ಕೊನೆಗೆ ಕಟ್ಟಿದ ಪೊಟ್ಟಣಕ್ಕೆ ಅನುಮತಿ. 2021ರ ಏಪ್ರಿಲ್‌ನಲ್ಲಿ ಎರಡು ಗಂಟೆಗಿಂತ ಕಡಿಮೆಯ ಪ್ರಯಾಣದಲ್ಲಿ ಮತ್ತೆ ಬಂದ್, ನವೆಂಬರ್‌ನಲ್ಲಿ ತೆರವು. ಬಾಯಿ ತೆರೆಯಬಾರದು ಅನ್ನೋದೇ ಲೆಕ್ಕ. ಈಗ ಟ್ರೇಗಳು ವಾಪಸ್ ಬಂದಿವೆ, ಬ್ಲಾಸ್ಟ್ ಚಿಲ್ಲರ್‌ಗಳು ಓಡ್ತಿವೆ. ಆ ಅಡುಗೆಮನೆಗಳ ಬಗ್ಗೆ ನಾನು ಕೇಳೋ ಪ್ರಶ್ನೆ ಒಂದೇ. ಇವತ್ತು ಅಲ್ಲಿ ಒಬ್ಬ ಗುತ್ತಿಗೆ ಕೆಲಸಗಾರನ ಬೆರಳಲ್ಲಿ ಗಾಯ ಆದರೆ ಅವನು ಅದನ್ನು ಮೇಲಿನವರಿಗೆ ಹೇಳ್ತಾನಾ? ಹೇಳಿದರೆ ಆ ದಿನದ ಸಂಬಳ ಸಿಗುತ್ತಾ, ಹೋಗುತ್ತಾ? ಸಂಬಳ ಹೋಗೋ ಹಾಗಿದ್ದರೆ ಅವನು ಗಾಯಕ್ಕೆ ಬಟ್ಟೆ ಸುತ್ತಿ, ಕೈಚೀಲ ಏರಿಸಿಕೊಂಡು ಟ್ರೇ ಜೋಡಿಸ್ತಾನೆ. ತಪಾಸಣೆಗೆ ಬಂದವರು ಚಿಲ್ಲರ್‌ನ ಡಿಗ್ರಿ ಬರೆದುಕೊಂಡು ಹೋಗ್ತಾರೆ. ಹಾಜರಿ ಪುಸ್ತಕ ತೆಗೆದು, ಕಳೆದ ತಿಂಗಳು ಎಷ್ಟು ಜನಕ್ಕೆ ಸಂಬಳ ಸಹಿತ ಕಾಯಿಲೆ ರಜೆ ಕೊಟ್ಟಿದ್ದೀರಿ ಅಂತ ಅವರು ಕೇಳಲಿ.

ನೀವೂ ಒಂದು ಕೇಳಬಹುದು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು ಕವಿದು ವಿಮಾನ ಬಾಗಿಲು ಹಾಕಿಕೊಂಡು ನಿಂತಲ್ಲೇ ನಿಂತಿರುತ್ತೆ. ತಲೆ ಮೇಲಿನ ಕಿಂಡಿಗೆ ಕೈ ಹಿಡಿದು ನೋಡಿ. ಗಾಳಿ ಬರ್ತಿಲ್ಲ, ಅರ್ಧ ಗಂಟೆ ಆಯ್ತು ಅಂದ್ರೆ ಗಂಟೆ ಒತ್ತಿ ಗಗನಸಖಿಯನ್ನು ಕರೆದು, ‘ಏನಮ್ಮಾ, ಗಾಳಿ ಯಂತ್ರ ಆನ್ ಇದೆಯಾ?’ ಅಂತ ಕೇಳಿ.